ಘಾಟಿ ದಾರಿಗೆ ಹೊಸ ಝೆನಾನ್ ಬಲ್ಬ್: ನನ್ನ ಅನುಭವ

ಹಾಸನದಿಂದ ಉಪ್ಪಿನಂಗಡಿಯ ಮನೆಗೆ ನಾನು ಹೊರಡುವುದು ಹೆಚ್ಚಾಗಿ ಶುಕ್ರವಾರ ರಾತ್ರಿ, ಕೆಲಸ ಮುಗಿಸಿ ಊಟ ಮಾಡಿಕೊಂಡು. ಸಕಲೇಶಪುರ ದಾಟಿದ ಮೇಲೆ ದೋಣಿಗಾಲ್, ಮಾರನಹಳ್ಳಿ, ಆಮೇಲೆ ಶಿರಾಡಿ ಘಾಟಿಯ ಇಳಿಜಾರು. ಮಳೆಗಾಲದ ರಾತ್ರಿ ಆ ದಾರಿಯಲ್ಲಿ ಕಾರಿನ ದೀಪವೊಂದನ್ನು ಬಿಟ್ಟರೆ ಬೇರೆ ಗತಿಯಿಲ್ಲ. ಕಳೆದ ಜುಲೈಯಲ್ಲಿ ಕಪ್ಪು ಕೊಡೆ ಹಿಡಿದು ರಸ್ತೆಯಂಚಿನಲ್ಲಿ ನಡೆಯುತ್ತಿದ್ದ ಒಬ್ಬರು ನನಗೆ ಕಂಡದ್ದು ಕಾರು ಅವರ ತೀರ ಸಮೀಪಕ್ಕೆ ಬಂದ ಮೇಲೆ. ಅನಾಹುತವಾಗಲಿಲ್ಲ. ಆದರೆ ಗುಂಡ್ಯ ತಲುಪುವವರೆಗೂ ನನ್ನ ಅಂಗೈ ಬೆವರುತ್ತಲೇ ಇತ್ತು.

ಬೆಳಿಗ್ಗೆ ಬೆಳಕು ಹರಿಯುವ ಮುನ್ನವೇ ಎದ್ದು ಕಾರನ್ನು ಹಟ್ಟಿಯ ಗೋಡೆಗೆ ಎದುರಾಗಿ ನಿಲ್ಲಿಸಿ ದೀಪ ಹಾಕಿದೆ. ಅಮ್ಮ ಹಾಲಿನ ಚೆಂಬು ಹಿಡಿದು ಬಂದವರು ಗೋಡೆ ನೋಡಿ ನಿಂತರು. “ಒಂದು ಬಿಳಿ, ಒಂದು ನೇರಳೆ. ಎರಡೂ ಒಂದೇ ಜೋಡಿಯದಲ್ಲವೇನೋ?” ಎಂದು ಕೇಳಿದರು. ಎರಡೂ ಒಂದೇ ಜೋಡಿಯವೇ. ಬಲಗಡೆಯದಕ್ಕೆ ವಯಸ್ಸಾಗಿತ್ತು. ದಿನವೂ ನೋಡುವ ನನಗೆ ಅದು ಗೊತ್ತಾಗಿರಲಿಲ್ಲ. ನನ್ನ ಕಾರಿನಲ್ಲಿರುವಂಥ ಝೆನಾನ್ ಬಲ್ಬ್ ಸಾಮಾನ್ಯ ಹಾಲೋಜೆನ್ ಬಲ್ಬಿನಂತೆ ತಂತಿ ಸುಟ್ಟು ಒಮ್ಮೆಲೇ ಆರುವುದು ಕಡಿಮೆ. ಅದರಲ್ಲಿ ತಂತಿಯೇ ಇಲ್ಲ. ಸ್ಫಟಿಕ ಗಾಜಿನ ಪುಟ್ಟ ಗುಳಿಗೆಯೊಳಗೆ ಎರಡು ಟಂಗ್‌ಸ್ಟನ್ ತುದಿಗಳ ನಡುವೆ ವಿದ್ಯುತ್ ಕಿಡಿ ನಿರಂತರವಾಗಿ ಉರಿಯುತ್ತದೆ. ಝೆನಾನ್ ಅನಿಲ ಹೊತ್ತಿಸಿದ ಕಿಡಿಗೆ ಒಳಗಿನ ಲೋಹದ ಲವಣಗಳು ಆವಿಯಾಗಿ ಬೆಳಕು ಕೊಡುತ್ತವೆ. ವರ್ಷಗಳು ಕಳೆದಂತೆ ಆ ಲವಣಗಳು ಸವೆಯುತ್ತವೆ, ಬಣ್ಣ ನಸುಗುಲಾಬಿಗೋ ನೇರಳೆಗೋ ತಿರುಗುತ್ತದೆ, ಬೆಳಕು ಸದ್ದಿಲ್ಲದೆ ಇಳಿಯುತ್ತದೆ. ಕಣ್ಣು ಅದಕ್ಕೆ ಒಗ್ಗಿಕೊಂಡುಬಿಡುತ್ತದೆ. ಇದೇ ಅಪಾಯ.

ನನ್ನ ಕಾರಿನಲ್ಲಿ ಇನ್ನೊಂದು ತೊಂದರೆಯೂ ಇತ್ತು. ಹತ್ತು ಹದಿನೈದು ನಿಮಿಷ ಉರಿದ ಮೇಲೆ ಬಲಗಡೆಯ ದೀಪ ತಟ್ಟನೆ ಆರುತ್ತಿತ್ತು. ಸ್ವಿಚ್ ತೆಗೆದು ಮತ್ತೆ ಹಾಕಿದರೆ ಹೊತ್ತಿಕೊಳ್ಳುತ್ತಿತ್ತು. ಹಾಸನದಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ನೋಡಿದವರೇ “ಬ್ಯಾಲಾಸ್ಟ್ ಹೋಗಿದೆ ಸರ್, ಹೊಸದು ಹಾಕಬೇಕು” ಎಂದರು. ಬ್ಯಾಲಾಸ್ಟ್ ಎಂದರೆ ಬಲ್ಬಿಗೆ ಬೇಕಾದಷ್ಟು ವೋಲ್ಟೇಜ್ ಒದಗಿಸುವ ಪೆಟ್ಟಿಗೆ, ಬಲ್ಬಿಗಿಂತ ಬಲು ದುಬಾರಿ. ನಾನು ಒಪ್ಪಲಿಲ್ಲ. ಎಡಗಡೆಯ ಬಲ್ಬನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಹಾಕಿ ನೋಡೋಣ ಎಂದೆ. ಹಾಕಿದೆವು. ಈಗ ಆರತೊಡಗಿದ್ದು ಎಡಗಡೆಯ ದೀಪ. ದೋಷ ಬಲ್ಬಿನ ಜೊತೆಗೇ ಜಾಗ ಬದಲಿಸಿತ್ತು. ಹಳೆಯ ಬಲ್ಬ್ ಉರಿಯಲು ಹೆಚ್ಚು ಹೆಚ್ಚು ವೋಲ್ಟೇಜ್ ಕೇಳುತ್ತದೆ, ಮಿತಿ ಮೀರಿದಾಗ ಬ್ಯಾಲಾಸ್ಟ್ ತಾನಾಗಿ ಸಂಪರ್ಕ ಕಡಿದುಕೊಳ್ಳುತ್ತದೆ. ಅರ್ಧ ಗಂಟೆಯ ಈ ಅದಲುಬದಲು ನನಗೆ ದೊಡ್ಡ ಖರ್ಚು ಉಳಿಸಿತು. ಬಲ್ಬ್ ಕೊಳ್ಳುವ ಮೊದಲು ಯಾರೇ ಆಗಲಿ ಇದನ್ನು ಮಾಡಿ ನೋಡಬೇಕು.

ಇನ್ನು ಆಯ್ಕೆಯ ಮಾತು. ಕಳಚಿದ ಬಲ್ಬಿನ ಬುಡದಲ್ಲಿ ಡಿ1ಎಸ್ ಎಂದು ಅಚ್ಚಾಗಿತ್ತು. ಮೂರೇ ಅಕ್ಷರವಾದರೂ ಅದರಲ್ಲಿ ಬೇಕಾದ್ದೆಲ್ಲ ಇದೆ. ಡಿ1 ಮತ್ತು ಡಿ3 ಬಲ್ಬುಗಳ ಬುಡದಲ್ಲಿ ಕಿಡಿ ಹೊತ್ತಿಸುವ ಚೌಕ ಡಬ್ಬಿ ಸೇರಿಕೊಂಡೇ ಇರುತ್ತದೆ, ಡಿ2 ಮತ್ತು ಡಿ4ರಲ್ಲಿ ಅದು ಬೇರೆ ಇರುತ್ತದೆ. ಡಿ1, ಡಿ2ರಲ್ಲಿ ಪಾದರಸವಿದೆ, ಅವು ಉರಿಯುವುದು ಸುಮಾರು 85 ವೋಲ್ಟಿನಲ್ಲಿ. ಡಿ3, ಡಿ4 ಪಾದರಸವಿಲ್ಲದವು, ಅವುಗಳಿಗೆ ಸುಮಾರು 42 ವೋಲ್ಟ್ ಸಾಕು. ನಾಲ್ಕೂ 35 ವ್ಯಾಟಿನವೇ ಆದ್ದರಿಂದ ಅಂಗಡಿಯಲ್ಲಿ “ಎಲ್ಲ ಒಂದೇ” ಎಂದು ಹೇಳುವವರು ಸಿಗುತ್ತಾರೆ. ಒಂದೇ ಅಲ್ಲ. ಒಂದರ ಜಾಗಕ್ಕೆ ಇನ್ನೊಂದು ಕೂರದಂತೆ ಬುಡದ ಕಚ್ಚುಗಳನ್ನೇ ಬೇರೆ ಮಾಡಿದ್ದಾರೆ, ಅದನ್ನು ಕೆರೆದು ಕೂರಿಸುವ ಸಾಹಸ ಬೇಡ. ಕೊನೆಯ ಎಸ್ ಎಂದರೆ ಮುಂದೆ ಗುಂಡು ಮಸೂರವಿರುವ ಪ್ರೊಜೆಕ್ಟರ್ ದೀಪಕ್ಕೆ. ಆರ್ ಎಂದಿದ್ದರೆ ಕನ್ನಡಿ ಬಟ್ಟಲಿನ ದೀಪಕ್ಕೆ. ಎದುರಿನವರ ಕಣ್ಣಿಗೆ ಬೆಳಕು ಚದುರಿ ಹೋಗದಂತೆ ಆರ್ ಬಲ್ಬಿನ ಗಾಜಿನ ಮೇಲೆ ಕಪ್ಪು ಬಣ್ಣದ ಪಟ್ಟಿ ಬಳಿದಿರುತ್ತಾರೆ.

ಅಕ್ಷರ ತಿಳಿದ ಮೇಲೆ ಬಣ್ಣದ ಪ್ರಶ್ನೆ. ಇಲ್ಲಿಯೇ ಹೆಚ್ಚಿನವರು ಎಡವುವುದು, ನಾನೂ ಒಮ್ಮೆ ಎಡವಿದ್ದೇನೆ. ಹಿಂದಿನ ಕಾರಿಗೆ 8000 ಕೆಲ್ವಿನ್ ಎಂದು ಬರೆದಿದ್ದ ನೀಲಿ ಬೆಳಕಿನ ಬಲ್ಬ್ ಹಾಕಿಸಿದ್ದೆ. ಮನೆಯ ಮುಂದೆ ನಿಂತಾಗ ನೋಡಲು ಬಹಳ ಚೆಂದವಿತ್ತು. ಮೊದಲ ಮಳೆಗೆ ಒದ್ದೆಯಾದ ಟಾರು ಆ ಬೆಳಕನ್ನೆಲ್ಲ ನುಂಗಿತು, ಮಂಜಿನಲ್ಲಂತೂ ಬಿಳಿ ಪರದೆಯೇ ಎದುರಿಗೆ ನಿಂತಂತಾಯಿತು. ಕೆಲ್ವಿನ್ ಅಂಕಿ ಬೆಳಕು ಎಷ್ಟಿದೆ ಎಂದು ಹೇಳುವುದಿಲ್ಲ, ಯಾವ ಬಣ್ಣದ್ದು ಎಂದಷ್ಟೇ ಹೇಳುತ್ತದೆ. ಕಾರ್ಖಾನೆಯಿಂದ ಬರುವ ಝೆನಾನ್ ಬಲ್ಬುಗಳು ಸಾಮಾನ್ಯವಾಗಿ 4100ರಿಂದ 4300 ಕೆಲ್ವಿನ್‌ನವು, ಬಿಸಿಲಿನ ಬಣ್ಣಕ್ಕೆ ಹತ್ತಿರದ ಬಿಳಿ. ಬೆಳಕು ಎಷ್ಟು ಎಂಬುದರ ಅಳತೆ ಲ್ಯೂಮೆನ್. ಡಿ1ಎಸ್‌ನ ನಿಗದಿತ ಬೆಳಕು ಸುಮಾರು 3200 ಲ್ಯೂಮೆನ್. 55 ವ್ಯಾಟಿನ ಎಚ್7 ಹಾಲೋಜೆನ್ ಬಲ್ಬಿನದು ಸುಮಾರು 1500. ಕೆಲ್ವಿನ್ 6000 ದಾಟಿ ನೀಲಿಯತ್ತ ಹೋದಷ್ಟೂ ಈ ಲ್ಯೂಮೆನ್ ಇಳಿಯುತ್ತದೆ.

ಪೆಟ್ಟಿಗೆಯ ಮೇಲೆ “200 ಶೇಕಡಾ ಹೆಚ್ಚು ಬೆಳಕು” ಎಂದಿರುವ ಬಲ್ಬುಗಳನ್ನೂ ಅಂಗಡಿಯವರು ತೋರಿಸಿದರು. ಒಟ್ಟು ಬೆಳಕಿಗೆ ನಿಯಮದ ಮಿತಿಯಿರುವಾಗ ಅಷ್ಟೊಂದು ಎಲ್ಲಿಂದ ಬರಬೇಕು? ಸಣ್ಣಕ್ಷರ ಓದಿದಾಗ ತಿಳಿಯಿತು. ಆ ಹೋಲಿಕೆ ನಿಯಮ ಕೇಳುವ ಕನಿಷ್ಠ ಬೆಳಕಿನೊಂದಿಗೆ, ಅದೂ ರಸ್ತೆಯ ಕೆಲವೇ ಭಾಗದಲ್ಲಿ. ಅವು ಕೆಟ್ಟ ಬಲ್ಬುಗಳೇನಲ್ಲ, ದೂರದ ರಸ್ತೆಗೆ ಬೆಳಕು ಚೆನ್ನಾಗಿಯೇ ಬೀಳುತ್ತದೆ. ಆದರೆ ಆಯುಸ್ಸು ಕಡಿಮೆ. ವಾರಕ್ಕೆರಡು ಸಲ ಘಾಟಿ ಹತ್ತಿಳಿಯುವ ನನಗೆ ಬಾಳಿಕೆ ಮುಖ್ಯವಾಗಿತ್ತು. ಇನ್ನೊಬ್ಬರು ಅದೇ ಜಾಗಕ್ಕೆ ಎಲ್‌ಇಡಿ ಬಲ್ಬ್ ಹಾಕಿಬಿಡಿ ಎಂದರು. ಪ್ರೊಜೆಕ್ಟರಿನ ಮಸೂರವನ್ನು ಕೂರಿಸಿರುವುದು ಕೆಲವೇ ಮಿಲಿಮೀಟರ್ ಉದ್ದದ ಆ ಕಿಡಿಯನ್ನು ಲೆಕ್ಕಹಾಕಿ. ಬೆಳಕಿನ ಮೂಲದ ಆಕಾರವೇ ಬೇರೆಯಾದರೆ ಬೆಳಕು ಮೇಲೆ ಕೊನೆಯಾಗುವ ಅಂಚು ಕೆಡುತ್ತದೆ, ಎದುರಿನಿಂದ ಬರುವವರ ಕಣ್ಣು ಕತ್ತಲುಗಟ್ಟುತ್ತದೆ. 2024ರ ಜುಲೈಯಲ್ಲಿ ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ಕರ್ನಾಟಕ ಪೊಲೀಸರು ರಾಜ್ಯದಾದ್ಯಂತ ಪ್ರಕರಣ ದಾಖಲಿಸತೊಡಗಿದಾಗ ನನಗೆ ನಿಜಕ್ಕೂ ಸಮಾಧಾನವಾಗಿತ್ತು. ಘಾಟಿಯ ತಿರುವಿನಲ್ಲಿ ಎರಡು ಕ್ಷಣ ಏನೂ ಕಾಣದೆ ಹೋದರೆ ಹೇಗಿರುತ್ತದೆ ಎಂಬುದು ಅಲ್ಲಿ ಓಡಾಡುವವರಿಗೆಲ್ಲ ಗೊತ್ತು.

ಕೊನೆಗೆ ನಾನು ಆರಿಸಿದ್ದು ಓಸ್ರಾಮ್‌ನ ಝೆನಾರ್ಕ್ ಒರಿಜಿನಲ್, ಡಿ1ಎಸ್, ಭಾಗದ ಸಂಖ್ಯೆ 66140. ಫಿಲಿಪ್ಸ್‌ನ ಸಾಮಾನ್ಯ ಡಿ1ಎಸ್ ಸಿಕ್ಕಿದ್ದರೆ ಅದನ್ನೂ ಕಣ್ಣುಮುಚ್ಚಿ ಕೊಳ್ಳುತ್ತಿದ್ದೆ. ಆದರೆ ಮೊದಲ ಸಲ ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ತರಿಸಿದ ಜೋಡಿ ನಕಲಿ. ಪೆಟ್ಟಿಗೆ ಥೇಟ್ ಅಸಲಿಯಂತೆಯೇ ಇತ್ತು. ಬಲ್ಬಿನ ಬುಡದ ಅಕ್ಷರಗಳನ್ನು ಉಗುರಿನಿಂದ ಉಜ್ಜಿದಾಗ ಪುಡಿಯಾಗಿ ಉದುರಿದವು, ಎರಡು ಬಲ್ಬುಗಳಲ್ಲಿ ಗಾಜಿನ ಗುಳಿಗೆ ಕೂತ ಎತ್ತರವೇ ಒಂದೊಂದು ತೆರನಾಗಿತ್ತು. ಪೆಟ್ಟಿಗೆಯ ಮೇಲಿನ ಭದ್ರತಾ ಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ಹಾಕಿದೆ, ಒಪ್ಪಲಿಲ್ಲ. ಹಿಂದಿರುಗಿಸಿದೆ. ಎರಡನೆಯ ಸಲ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ, ಬಿಲ್ ಕೊಡುವ ಅಂಗಡಿಯಲ್ಲಿ, ಸಂಖ್ಯೆಯನ್ನು ಅಲ್ಲೇ ಮೊಬೈಲಿನಲ್ಲಿ ಪರೀಕ್ಷಿಸಿದ ಮೇಲೆಯೇ ಹಣ ಕೊಟ್ಟೆ. ಒಂದು ಬಲ್ಬ್ ಮಾತ್ರ ಕೊಂಡರಾಗದೇ ಎಂದು ಮನೆಯಲ್ಲಿ ಕೇಳಿದ್ದರು. ಹೊಸದರ ಬೆಳಕಿನ ಪಕ್ಕದಲ್ಲಿ ಹಳೆಯದು ಮಂಕಾಗಿ, ಬಣ್ಣ ಬೇರೆಯಾಗಿ ಕಾಣುತ್ತದೆ, ಅದರ ಸರದಿಯೂ ಹೇಗಿದ್ದರೂ ಹತ್ತಿರವೇ ಇರುತ್ತದೆ. ಆದ್ದರಿಂದ ಜೋಡಿಯೇ ಬೇಕು.

ಹಾಕುವ ಕೆಲಸ ನಾನೇ ಮಾಡಿದೆ, ಆದರೆ ಭಯಪಟ್ಟುಕೊಂಡೇ ಮಾಡಿದೆ. ಹೊತ್ತಿಕೊಳ್ಳುವ ಕ್ಷಣದಲ್ಲಿ ಈ ಬಲ್ಬಿಗೆ 20,000 ವೋಲ್ಟಿಗೂ ಮೀರಿದ ಪೆಟ್ಟು ಬೀಳುತ್ತದೆ. ದೀಪದ ಸ್ವಿಚ್ ಆರಿಸಿ, ಕೀ ತೆಗೆದು, ಬ್ಯಾಟರಿಯ ಋಣ ತಂತಿ ಬಿಡಿಸಿ, ಬಲ್ಬ್ ತಣ್ಣಗಾಗುವವರೆಗೆ ಕಾಯ್ದೆ. ಹಿಂದಿನ ಮುಚ್ಚಳ ತೆಗೆದು, ಕನೆಕ್ಟರ್ ಎಳೆದು, ಬಲ್ಬನ್ನು ಹಿಡಿದಿರುವ ಪ್ಲಾಸ್ಟಿಕ್ ಬಳೆಯನ್ನು ಬೆರಳ ತುದಿಯಲ್ಲೇ ತಿರುಗಿಸಬೇಕು, ನೋಡಲು ಜಾಗವಿರುವುದಿಲ್ಲ. ಹೊಸ ಬಲ್ಬನ್ನು ಬುಡದಲ್ಲಿ ಮಾತ್ರ ಹಿಡಿದೆ. ಗಾಜಿಗೆ ಬೆರಳಿನ ಜಿಡ್ಡು ತಗುಲಿದರೆ ಬಿಸಿಯಾದಾಗ ಆ ಕಲೆ ಅಲ್ಲೇ ಸುಟ್ಟು ಕೂರುತ್ತದೆ. ಮುಚ್ಚಳದ ರಬ್ಬರ್ ಅಂಚು ಸರಿಯಾಗಿ ಕೂತಿದೆಯೇ ಎಂದು ಎರಡು ಸಲ ಬೆರಳಾಡಿಸಿ ನೋಡಿದೆ, ಕರಾವಳಿಯ ಮಳೆಗೆ ಸಣ್ಣ ಸಂದು ಸಾಕು.

ಆಮೇಲೆ ಮತ್ತೆ ಹಟ್ಟಿಯ ಗೋಡೆ. ಸಮತಟ್ಟು ಅಂಗಳದಲ್ಲಿ ಗೋಡೆಯಿಂದ 10 ಮೀಟರ್ ದೂರಕ್ಕೆ ಕಾರು ನಿಲ್ಲಿಸಿ, ದೀಪದ ನಡುಮಟ್ಟವನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತಿಸಿದೆ. ನನ್ನ ಕಾರಿನ ದೀಪದ ಮೇಲೆ 1.0 ಶೇಕಡಾ ಎಂದು ಬರೆದಿದೆ. ಅಂದರೆ 10 ಮೀಟರಿಗೆ ಬೆಳಕಿನ ಅಂಚು 10 ಸೆಂಟಿಮೀಟರ್ ಕೆಳಗಿರಬೇಕು. ಬಲಗಡೆಯದು ಸ್ವಲ್ಪ ಮೇಲೆದ್ದಿತ್ತು, ತಿರುಪು ತಿರುಗಿಸಿ ಇಳಿಸಿದೆ. ನಾವು ಎಡಗಡೆ ಓಡಿಸುವವರಾದ್ದರಿಂದ ಬೆಳಕಿನ ಅಂಚು ಬಲಕ್ಕೆ ತಗ್ಗಾಗಿದ್ದು, ಎಡಕ್ಕೆ ಮೇಲೇರುತ್ತದೆ. ಗೋಡೆಯ ಮೇಲೆ ಆ ಮೆಟ್ಟಿಲು ಸ್ಪಷ್ಟವಾಗಿ ಮೂಡಿತು.

ಮೊದಲ ಕೆಲವು ರಾತ್ರಿ ಬೆಳಕು ತುಸು ಹಳದಿಯೆನಿಸಿತು, ಉರಿಯುತ್ತ ಹೋದಂತೆ ಬಿಳಿಗೆ ಬಂತು. ಮಾರನಹಳ್ಳಿಯ ಇಳಿಜಾರಿನಲ್ಲಿ ಈಗ ಜಡಿಮಳೆಯಲ್ಲೂ ಎಡಗಡೆಯ ಅಂಚಿನ ಬಿಳಿ ಗೆರೆ, ಅದರಾಚೆಯ ಚರಂಡಿ, ಚರಂಡಿಯ ಮೇಲೆ ಬಾಗಿದ ಹುಲ್ಲು ಕಾಣುತ್ತದೆ. ಎದುರಿನ ಲಾರಿಯವರು ದೀಪ ಮಿಟುಕಿಸಿ ಗದರಿಸುವುದಿಲ್ಲ. ಹಳೆಯ ಜೋಡಿಯಲ್ಲಿ ಪಾದರಸವಿರುವುದರಿಂದ ಕಸದ ಬುಟ್ಟಿಗೆ ಹಾಕಲಿಲ್ಲ. ಹೊಸ ಬಲ್ಬಿನ ಖಾಲಿ ಪೆಟ್ಟಿಗೆಗಳಲ್ಲಿ ಸುತ್ತಿಟ್ಟು, ಮುಂದಿನ ಸಲ ಬೆಂಗಳೂರಿಗೆ ಹೋದಾಗ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಟ್ಟು ಬಂದೆ.