ಇಂಗ್ಲೆಂಡಿನಲ್ಲಿ ಬಿಡದೆ ಕಾಡುವ ದವಡೆ ನೋವು: ಕಾರಣ ಹುಡುಕುವ ದಾರಿ

ಮಂಡ್ಯದ ನನ್ನ ತಂಗಿಯ ಮಗಳು ಕೆಲಸದ ಮೇಲೆ ಲೆಸ್ಟರ್‌ಗೆ ಹೋಗಿ ಎಂಟು ತಿಂಗಳಾಗಿತ್ತು. ಒಂದು ರಾತ್ರಿ ಫೋನ್ ಮಾಡಿದವಳು, "ದೊಡ್ಡಮ್ಮ, ಬಲಗಡೆ ದವಡೆ ಮೂರು ವಾರದಿಂದ ನೋಯ್ತಿದೆ. ಯಾವ ಹಲ್ಲು ಅಂತ್ಲೇ ಗೊತ್ತಾಗ್ತಿಲ್ಲ. ಫ್ಯಾಮಿಲಿ ಡಾಕ್ಟರಾದ ಜಿಪಿ ಹತ್ರ ಹೋದ್ರೆ ಡೆಂಟಿಸ್ಟ್ ಹತ್ರ ಹೋಗಿ ಅಂದ್ರು. ಡೆಂಟಿಸ್ಟ್ ಎಕ್ಸ್‌ರೇ ತೆಗೆದು ಹಲ್ಲಲ್ಲಿ ಏನೂ ಕಾಣ್ತಿಲ್ಲ ಅಂದ್ರು. ಈಗ ಯಾರ ಹತ್ರ ಹೋಗ್ಲಿ?" ಎಂದು ಕೇಳಿದಳು. ಹನ್ನೊಂದು ವರ್ಷ ಇಂಗ್ಲೆಂಡಿನಲ್ಲಿದ್ದು ಮೈಸೂರಿಗೆ ಮರಳಿರುವ ನನಗೆ ಆ ಪ್ರಶ್ನೆ ಹೊಸದಾಗಿರಲಿಲ್ಲ. ಅಲ್ಲಿದ್ದಾಗ ನನಗೂ ಇಂಥದೇ ನೋವು ಬಂದಿತ್ತು. ರಜೆಗೆ ಊರಿಗೆ ಬಂದಾಗ ಅವಸರದಲ್ಲಿ ಒಂದು ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿಕೊಂಡು ಹೋದೆ. ನೋವು ಹಾಗೆಯೇ ಉಳಿಯಿತು. ನೋಯುತ್ತಿದ್ದದ್ದು ಹಲ್ಲಲ್ಲ, ದವಡೆಯ ಸ್ನಾಯು ಎಂದು ತಿಳಿಯಲು ಮತ್ತೆ ಏಳು ತಿಂಗಳು ಹಿಡಿಯಿತು. ಆ ಹಲ್ಲಿನ ಜೀವ ಹೋದದ್ದು ಹೋಯಿತು. ಕಾರಣ ಗೊತ್ತಾಗುವ ಮುನ್ನ ಹಲ್ಲಿಗೆ ಕೈ ಹಾಕಿಸಿಕೊಳ್ಳಬೇಡಿ ಎಂದು ನಾನು ಪಟ್ಟು ಹಿಡಿದು ಹೇಳುವುದು ಆ ಅನುಭವದಿಂದ.

ಮೈಸೂರಿನಲ್ಲಿ ಹಲ್ಲು ನೋವೆಂದರೆ ಸಂಜೆ ಆರಕ್ಕೆ ಸರಸ್ವತಿಪುರಂನಲ್ಲೋ ಕುವೆಂಪುನಗರದಲ್ಲೋ ಒಂದು ಕ್ಲಿನಿಕ್ಕಿಗೆ ಹೋಗುತ್ತೇವೆ, ಅಲ್ಲಿ ಬಗೆಹರಿಯದಿದ್ದರೆ ಜೆಎಸ್‌ಎಸ್ ದಂತ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ನಾವೇ ಹೋಗಿ ಚೀಟಿ ಮಾಡಿಸುತ್ತೇವೆ. ಇಂಗ್ಲೆಂಡಿನಲ್ಲಿ ತಜ್ಞರ ಬಳಿಗೆ ಹೀಗೆ ನೇರವಾಗಿ ಹೋಗುವ ದಾರಿ ಸಾರ್ವಜನಿಕ ವ್ಯವಸ್ಥೆಯಲ್ಲಿ ಇಲ್ಲ. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಜಿಪಿ, ಎಂದರೆ ನಿಮ್ಮ ಬಡಾವಣೆಯ ಕುಟುಂಬ ವೈದ್ಯರು, ಹಲ್ಲಿಗೆ ಚಿಕಿತ್ಸೆ ಕೊಡುವುದಿಲ್ಲ. ದಂತವೈದ್ಯರು ನರ, ಸೈನಸ್ ಮತ್ತು ರಕ್ತನಾಳಗಳ ಕಾಯಿಲೆಗಳನ್ನು ಸಾಮಾನ್ಯವಾಗಿ ತಾವೇ ನೋಡಿಕೊಳ್ಳುವುದಿಲ್ಲ. ಇಬ್ಬರೂ ತಮ್ಮ ಮಿತಿ ಮೀರಿದ್ದನ್ನು ಪತ್ರ ಬರೆದು ಆಸ್ಪತ್ರೆಗೆ ಕಳಿಸುತ್ತಾರೆ. ದವಡೆಯೋ ಈ ಎರಡು ಬಾಗಿಲುಗಳ ನಡುವೆ ಇರುವ ಅಂಗ. ಆದ್ದರಿಂದ ಒಂದು ಬಾಗಿಲಲ್ಲಿ ಏನೂ ಇಲ್ಲ ಎಂದರೆ, ಆ ವೈದ್ಯರು ನೋಡುವ ಭಾಗದಲ್ಲಿ ಏನೂ ಕಾಣಲಿಲ್ಲ ಎಂದಷ್ಟೇ ತಿಳಿಯಬೇಕು. ಎರಡನೆಯ ಬಾಗಿಲಿಗೆ ನೋವಿನ ವಿವರವನ್ನು ಹೊತ್ತೊಯ್ಯುವ ಕೆಲಸ ರೋಗಿಯದೇ.

ಆರಂಭ ಮಾತ್ರ ದಂತವೈದ್ಯರಿಂದಲೇ ಆಗಬೇಕು, ಏಕೆಂದರೆ ಮುಖದ ನೋವುಗಳಲ್ಲಿ ಬಹುಪಾಲು ಹಲ್ಲಿನಿಂದಲೇ ಬರುತ್ತವೆ. ಜಿಪಿಯಲ್ಲಿ ಹೆಸರು ನೋಂದಾಯಿಸುವ ಹಾಗೆ ಇಂಗ್ಲೆಂಡಿನ ದಂತ ಚಿಕಿತ್ಸಾಲಯದಲ್ಲಿ ಬಡಾವಣೆಯ ಗಡಿ ಇರುವುದಿಲ್ಲ. ಎನ್‌ಎಚ್‌ಎಸ್ ಜಾಲತಾಣದಲ್ಲಿ ನಿಮ್ಮ ಪೋಸ್ಟ್‌ಕೋಡ್ ಹಾಕಿ, ಹೊಸಬರನ್ನು ತೆಗೆದುಕೊಳ್ಳುವ ಯಾವ ಊರಿನ ಚಿಕಿತ್ಸಾಲಯಕ್ಕಾದರೂ ಹೋಗಬಹುದು. ಹೊಸಬರಿಗೆ ಜಾಗ ಸಿಗುವುದು ಇಂದು ಕಷ್ಟ, ಹತ್ತಾರು ಕಡೆ ಫೋನ್ ಮಾಡಬೇಕಾಗುತ್ತದೆ. ನೋವು ತಡೆಯಲಾಗದಿದ್ದರೆ ಎನ್‌ಎಚ್‌ಎಸ್‌ನ 111 ಸಹಾಯವಾಣಿಗೆ ಕರೆ ಮಾಡಿದಾಗ ತುರ್ತು ದಂತ ಚಿಕಿತ್ಸೆಗೆ ಸಮಯ ಗೊತ್ತುಮಾಡಿಕೊಡಲು ನೋಡುತ್ತಾರೆ. ಅಲ್ಲಿ ಮಾಡುವುದು ಆ ಹೊತ್ತಿನ ನೋವನ್ನು ಇಳಿಸುವ ಕೆಲಸ, ಪೂರ್ಣ ತಪಾಸಣೆಯಲ್ಲ ಎಂಬುದು ನೆನಪಿರಲಿ.

ವೀಸಾ ಜೊತೆಗೆ ಆರೋಗ್ಯ ಶುಲ್ಕ ಕಟ್ಟಿದ್ದೇವಲ್ಲ, ಹಲ್ಲಿಗೂ ದುಡ್ಡು ಕೊಡಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಆ ಶುಲ್ಕ 2024ರ ಫೆಬ್ರವರಿಯಿಂದ ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್, ವಿದ್ಯಾರ್ಥಿಗಳಿಗೆ 776 ಪೌಂಡ್. ಅದನ್ನು ಕಟ್ಟಿದವರೂ ಅಲ್ಲಿನವರ ಹಾಗೆಯೇ ದಂತ ಚಿಕಿತ್ಸೆಯ ದರ ಕೊಡಬೇಕು. 2025ರ ಏಪ್ರಿಲ್‌ನಲ್ಲಿ ನಿಗದಿಯಾದಂತೆ ಮೊದಲ ಹಂತಕ್ಕೆ 27.40 ಪೌಂಡ್ ಇತ್ತು; ತಪಾಸಣೆ, ಎಕ್ಸ್‌ರೇ, ರೋಗನಿರ್ಣಯ ಎಲ್ಲವೂ ಇದರೊಳಗೆ ಬರುತ್ತವೆ. ಫಿಲ್ಲಿಂಗ್, ರೂಟ್ ಕೆನಾಲ್ ಮತ್ತು ಹಲ್ಲು ಕೀಳುವುದು ಎರಡನೆಯ ಹಂತ, ಆಗ 75.30 ಪೌಂಡ್, ಕ್ಯಾಪ್ ಕೂರಿಸುವುದು ಮೂರನೆಯದು, ಆಗ 326.70 ಪೌಂಡ್. ಒಂದು ಸುತ್ತಿನ ಚಿಕಿತ್ಸೆಗೆ ಒಂದೇ ದರ, ಎಷ್ಟು ಸಲ ಹೋದರೂ ಅಷ್ಟೆ. ಸಾಮಾನ್ಯವಾಗಿ ಪ್ರತಿ ಏಪ್ರಿಲ್‌ನಲ್ಲಿ ದರ ಏರುತ್ತದೆ. ಗರ್ಭಿಣಿಯರಿಗೆ, ಹೆರಿಗೆಯಾಗಿ 12 ತಿಂಗಳೊಳಗಿನ ತಾಯಂದಿರಿಗೆ, 18 ವರ್ಷದೊಳಗಿನ ಮಕ್ಕಳಿಗೆ ಯಾವ ಶುಲ್ಕವೂ ಇಲ್ಲ. ಸ್ಕಾಟ್ಲೆಂಡಿನ ಪದ್ಧತಿಯೇ ಬೇರೆ. ಅಲ್ಲಿ ಎನ್‌ಎಚ್‌ಎಸ್ ತಪಾಸಣೆ ಎಲ್ಲರಿಗೂ ಉಚಿತ.

ಇನ್ನು ವೈದ್ಯರ ಮುಂದೆ ಕುಳಿತ ಹೊತ್ತು. ಸಿಗುವುದು ಹತ್ತು ಹದಿನೈದು ನಿಮಿಷ. ನಮ್ಮಲ್ಲಿ ನೋವಿಗೆ ಎಷ್ಟು ಮಾತುಗಳಿವೆ ಎಂದು ಯೋಚಿಸಿ: ಹಲ್ಲು ಜುಮ್ಮೆನ್ನುತ್ತದೆ, ಮಿಡಿಯುತ್ತದೆ, ಚಳಕು ಹೊಡೆಯುತ್ತದೆ, ಕರೆಂಟು ಹೊಡೆದಂತಾಗುತ್ತದೆ, ದವಡೆ ಹಿಡಿದುಕೊಳ್ಳುತ್ತದೆ, ಸೆಳೆಯುತ್ತದೆ. ಇಂಗ್ಲಿಷಿನಲ್ಲಿ ಇವೆಲ್ಲವನ್ನೂ 'ಪೇನ್' ಎಂಬ ಒಂದೇ ಮಾತಿಗೆ ಇಳಿಸಿಬಿಡುತ್ತೇವೆ, ಅಲ್ಲಿಯೇ ಅರ್ಧ ರೋಗನಿರ್ಣಯ ಕೈತಪ್ಪುತ್ತದೆ. ಜುಮ್ಮೆನ್ನುವುದಕ್ಕೆ 'ಸೆನ್ಸಿಟಿವ್' ಎನ್ನಿ, ಮಿಡಿಯುವುದಕ್ಕೆ 'ಥ್ರಾಬಿಂಗ್' ಎನ್ನಿ, ಹಿಡಿದುಕೊಂಡು ಸೆಳೆಯುವುದಕ್ಕೆ 'ಡಲ್ ಏಕ್' ಎನ್ನಿ, ಕರೆಂಟಿನ ನೋವನ್ನು 'ಎಲೆಕ್ಟ್ರಿಕ್ ಶಾಕ್' ಎಂದೇ ಹೇಳಿ. ಇಂಗ್ಲಿಷ್ ಬಾರದ ಹಿರಿಯರಿದ್ದರೆ, ಸಮಯ ಗೊತ್ತುಮಾಡುವಾಗಲೇ ಕನ್ನಡದ ದುಭಾಷಿ ಬೇಕೆಂದು ಕೇಳಿ. ಎನ್‌ಎಚ್‌ಎಸ್‌ನಲ್ಲಿ ಅದಕ್ಕೆ ಹಣ ಕೊಡಬೇಕಿಲ್ಲ.

ಹೋಗುವ ಮುನ್ನ ಒಂದು ವಾರ, ನೋವು ಬಂದಾಗಲೆಲ್ಲ ಒಂದೊಂದು ಸಾಲು ಬರೆದಿಡಿ. ತಣ್ಣೀರಿಗೆ ಬಂದ ನೋವು ಕೆಲವೇ ಸೆಕೆಂಡಿನಲ್ಲಿ ಹೋಯಿತೇ, ನಿಮಿಷಗಟ್ಟಲೆ ನಿಂತಿತೇ ಎಂಬ ಒಂದು ವಿವರದಿಂದಲೇ ಹಲ್ಲಿನ ಒಳಗಿನ ತಿರುಳು ಚೇತರಿಸಿಕೊಳ್ಳಬಲ್ಲದೇ, ಕೆಟ್ಟುಹೋಗಿದೆಯೇ ಎಂಬ ಸೂಚನೆ ವೈದ್ಯರಿಗೆ ಸಿಗುತ್ತದೆ. ಬಿಸಿ ಕಾಫಿಗೆ ಹೆಚ್ಚಾಗಿ, ರಾತ್ರಿ ತಾನಾಗಿಯೇ ಎಬ್ಬಿಸುವ ನೋವಾದರೆ ಎರಡನೆಯದರ ಕಡೆಗೆ ಅನುಮಾನ ಹೋಗುತ್ತದೆ. ತಿರುಳಿನ ನರಗಳಿಗೆ ನೋವು ಎಲ್ಲಿಯದೆಂದು ಸರಿಯಾಗಿ ಗುರುತಿಸುವ ಶಕ್ತಿ ಇಲ್ಲದ್ದರಿಂದ, ಕೆಳಗಿನ ಹಲ್ಲಿನ ನೋವು ಮೇಲಿನದೆಂದೂ ಕಿವಿಯದೆಂದೂ ತೋರುವುದುಂಟು. ಸೋಂಕು ಬೇರಿನ ತುದಿಯಿಂದ ಹೊರಗೆ ಹರಡಿದ ಮೇಲೆ ಮಾತ್ರ, ಕಚ್ಚಿದರೆ ನೋಯುವ ಹಲ್ಲನ್ನು ಬೆರಳಿಟ್ಟು ತೋರಿಸಬಹುದಾಗುತ್ತದೆ. ಆದ್ದರಿಂದ ಯಾವ ಹಲ್ಲೆಂದು ಗೊತ್ತಾಗದಿರುವುದು ನಿಮ್ಮ ತಪ್ಪಲ್ಲ, ಅದೂ ಒಂದು ಸುಳಿವೇ.

ತಂಗಿಯ ಮಗಳ ವಿಷಯದಲ್ಲಿ ಸುಳಿವು ಸಿಕ್ಕಿದ್ದು ಇಂಥದೊಂದು ಸಾಲಿನಲ್ಲಿ. ಕಚ್ಚುವಾಗಲ್ಲ, ಕಚ್ಚಿ ಬಿಡುವಾಗ ಚಳಕು ಹೊಡೆಯುತ್ತದೆ ಎಂದು ಅವಳು ಬರೆದುಕೊಂಡಿದ್ದಳು. ಅದು ಬಿರುಕು ಬಿಟ್ಟ ಹಲ್ಲಿನ ಲಕ್ಷಣ. ಕಬ್ಬು ಸಿಗಿದು, ನಿಪ್ಪಟ್ಟು ಕೋಡುಬಳೆ ಕಡಿದು ಬೆಳೆದ ಬಾಯಿಗಳಲ್ಲಿ, ಅದರಲ್ಲೂ ದೊಡ್ಡ ಫಿಲ್ಲಿಂಗ್ ಇರುವ ದವಡೆ ಹಲ್ಲುಗಳಲ್ಲಿ ಇಂಥ ಬಿರುಕು ಅಪರೂಪವಲ್ಲ, ಆದರೆ ಎಕ್ಸ್‌ರೇಯಲ್ಲಿ ಅದು ಹೆಚ್ಚಾಗಿ ಕಾಣುವುದೇ ಇಲ್ಲ. ಎರಡನೆಯ ಭೇಟಿಯಲ್ಲಿ ಅವಳು ಆ ಸಾಲನ್ನು ಓದಿ ಹೇಳಿದಾಗ ವೈದ್ಯರು ಒಂದು ಪುಟ್ಟ ಪ್ಲಾಸ್ಟಿಕ್ ಕಡ್ಡಿಯನ್ನು ಹಲ್ಲಿನ ಒಂದೊಂದು ಮೊನೆಯ ಮೇಲೆ ಇಟ್ಟು ಕಚ್ಚಿಸಿ ಬಿಡಿಸಿದರು, ನೋಯುವ ಮೊನೆ ಸಿಕ್ಕಿತು. ಹತ್ತಿಯ ಉಂಡೆಗೆ ತಣ್ಣಗಿನ ದ್ರವ ಸಿಂಪಡಿಸಿ ಹಲ್ಲಿಗೆ ಮುಟ್ಟಿಸುವುದು, ಉಪಕರಣದ ಹಿಡಿಕೆಯಿಂದ ಹಲ್ಲನ್ನು ತಟ್ಟಿ ನೋಡುವುದು, ವಸಡಿನ ಆಳ ಅಳೆಯುವುದು, ಅನುಮಾನದ ಹಲ್ಲಿಗೆ ಮಾತ್ರ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ನೋವು ನಿಲ್ಲುವುದೇ ಎಂದು ನೋಡುವುದು, ಇವೂ ರೂಢಿಯ ಪರೀಕ್ಷೆಗಳೇ. ಈ ಪರೀಕ್ಷೆ ಮಾಡಿದ್ದೀರಾ ಎಂದು ಮರ್ಯಾದೆಯಿಂದ ಕೇಳಿದರೆ ಅಲ್ಲಿ ಯಾರೂ ಬೇಸರಪಡುವುದಿಲ್ಲ.

ಹಲ್ಲುಗಳೆಲ್ಲ ಪರೀಕ್ಷೆಯಲ್ಲಿ ಸರಿಯಿದ್ದರೆ ನೋಟ ಹೊರಕ್ಕೆ ತಿರುಗಬೇಕು. ಬೆಳಿಗ್ಗೆ ಏಳುತ್ತಲೇ ದವಡೆ ಬಿಗಿದಿದ್ದು, ಕಿವಿಯ ಮುಂದೆ ಕಟಕಟ ಸದ್ದಾಗಿ, ಕೆನ್ನೆಯ ಸ್ನಾಯುವನ್ನು ಒತ್ತಿದರೆ ಅದೇ ನೋವು ಮರುಕಳಿಸಿದರೆ ಅದು ದವಡೆಯ ಕೀಲು ಮತ್ತು ಸ್ನಾಯುಗಳ ತೊಂದರೆ; ಅಲ್ಲಿ ಅದನ್ನು ಟಿಎಂಡಿ ಎನ್ನುತ್ತಾರೆ. ನನಗಿದ್ದದ್ದು ಇದೇ. ನಿದ್ದೆಯಲ್ಲಿ ಹಲ್ಲು ಕಡಿಯುವವರಲ್ಲಿ, ಹೊಸ ದೇಶದ ಒತ್ತಡದಲ್ಲಿ ಹಗಲೆಲ್ಲ ಹಲ್ಲು ಕಚ್ಚಿ ಕೂರುವವರಲ್ಲಿ ಇದು ಕಾಣುತ್ತದೆ. ಮೆತ್ತಗಿನ ಊಟ, ಬಿಸಿ ಶಾಖ, ಹಲ್ಲುಗಳನ್ನು ಬಿಡಿಯಾಗಿಟ್ಟು ದವಡೆಗೆ ಬಿಡುವು ಕೊಡುವ ಅಭ್ಯಾಸ, ಬೇಕಾದರೆ ರಾತ್ರಿ ಹಲ್ಲುಗಳ ಮೇಲೆ ಹಾಕಿಕೊಳ್ಳುವ ಸ್ಪ್ಲಿಂಟ್ ಎಂಬ ಕವಚ, ಇಷ್ಟರಿಂದಲೇ ಹೆಚ್ಚಿನವರಿಗೆ ವಾರಗಳಲ್ಲೋ ತಿಂಗಳುಗಳಲ್ಲೋ ಇಳಿಯುತ್ತದೆ. ಮೇಲಿನ ಹಿಂದಿನ ಹಲ್ಲುಗಳು ಸಾಲಾಗಿ ನೊಂದು, ಬಗ್ಗಿದಾಗ ಭಾರವೆನಿಸಿದರೆ ಸೈನಸ್ ಇರಬಹುದು. ಊಟದ ಹೊತ್ತಿಗೆ ದವಡೆಯ ಕೆಳಗೆ ಊದಿ ನೋಯುವುದಾದರೆ ಜೊಲ್ಲಿನ ನಾಳದಲ್ಲಿ ಕಲ್ಲಿರಬಹುದು. ಮುಖ ತೊಳೆಯುವಾಗ, ಬ್ರಷ್ ಮಾಡುವಾಗ, ತಣ್ಣನೆಯ ಗಾಳಿ ತಾಗಿದಾಗ ಮುಖದ ಒಂದೇ ಕಡೆ ಕೆಲವು ಸೆಕೆಂಡು ಕರೆಂಟು ಹೊಡೆದಂತಾಗುವ ನೋವು ಮುಖದ ಸ್ಪರ್ಶ, ನೋವನ್ನು ತಿಳಿಸುವ ಟ್ರೈಜೆಮಿನಲ್ ನರದ್ದು. ಅದಕ್ಕೆ ಮಾಮೂಲಿ ನೋವಿನ ಮಾತ್ರೆ ನಾಟುವುದಿಲ್ಲ, ಕಾರ್ಬಮಜೆಪೈನ್ ಎಂಬ ಔಷಧಿಯನ್ನು ಜಿಪಿಯೇ ಶುರು ಮಾಡಬಲ್ಲರು. ಈ ನರದ ನೋವನ್ನು ಹಲ್ಲಿನದೆಂದು ತಿಳಿದು ಒಂದರ ಹಿಂದೊಂದು ಹಲ್ಲು ಕೀಳಿಸಿಕೊಂಡವರೂ ಇದ್ದಾರೆ ಎಂಬುದು ನನ್ನನ್ನು ಬಹಳ ನೋಯಿಸುವ ಸಂಗತಿ.

ನಮ್ಮ ಕಡೆಯವರು ಮುಚ್ಚಿಡದೆ ಹೇಳಲೇಬೇಕಾದದ್ದು ಎಲೆ ಅಡಿಕೆ, ಹೊಗೆಸೊಪ್ಪು, ಗುಟ್ಕಾದ ಅಭ್ಯಾಸ. ಊಟವಾದ ಮೇಲೆ ಹಾಕುವ ಅಡಿಕೆ ನಮಗೆ ಅಭ್ಯಾಸವೆಂದೇ ಅನ್ನಿಸುವುದಿಲ್ಲ, ಫಾರಂನಲ್ಲಿ 'ಸಿಗರೇಟು ಸೇದುತ್ತೀರಾ' ಎಂಬ ಪ್ರಶ್ನೆಗೆ ಇಲ್ಲ ಎಂದು ಬರೆದು ಸುಮ್ಮನಾಗುತ್ತೇವೆ. ಅಡಿಕೆಯಿಂದ ಬಾಯೊಳಗಿನ ಪದರ ಗಡಸಾಗಿ, ಖಾರ ತಿಂದರೆ ಉರಿ, ದವಡೆ ಬಿಗಿತ, ಬಾಯಿ ಮೂರು ಬೆರಳಷ್ಟೂ ತೆರೆಯದಿರುವುದು ಆಗಬಹುದು. ತಂಬಾಕು ಬೆರೆಸದ ಅಡಿಕೆಯೂ ಬಾಯಿ ಕ್ಯಾನ್ಸರಿಗೆ ಕಾರಣವಾಗುತ್ತದೆ. ಮೂರು ವಾರ ಕಳೆದರೂ ಮಾಯದ ಹುಣ್ಣಿದ್ದರೆ ದಂತವೈದ್ಯರಾಗಲಿ ಜಿಪಿಯಾಗಲಿ ತುರ್ತು ಪಟ್ಟಿಯಲ್ಲಿ ಆಸ್ಪತ್ರೆಗೆ ಕಳಿಸಬೇಕು. ಹಾಗೆ ಕಳಿಸಿದವರಿಗೆ 28 ದಿನದೊಳಗೆ ಕ್ಯಾನ್ಸರ್ ಇದೆಯೋ ಇಲ್ಲವೋ ತಿಳಿಸುವುದು ಇಂಗ್ಲೆಂಡಿನ ಗುರಿ.

ಕಾಯಬಾರದ ಸಂದರ್ಭಗಳೂ ಇವೆ. ಮುಖದ ಊತ ಕಣ್ಣಿನ ಕಡೆಗೋ ಕುತ್ತಿಗೆಗೋ ಹರಡಿದರೆ, ಉಗುಳು ನುಂಗಲಾಗದಿದ್ದರೆ, ಇಲ್ಲವೇ ಉಸಿರಿಗೆ ತೊಂದರೆಯಾದರೆ ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಮೆಟ್ಟಿಲು ಹತ್ತುವಾಗ ದವಡೆಗೆ ಬಂದು, ನೀವು ಸುಮ್ಮನೆ ಕೂತರೆ ಇಳಿಯುವ ನೋವು ಹೃದಯದ್ದಾಗಿರಬಹುದು. ಕೂತರೂ ಇಳಿಯದೆ ಎದೆ ಹಿಂಡಿ ಬೆವರುತ್ತಿದ್ದರೆ ಆಂಬುಲೆನ್ಸ್‌ಗಾಗಿ 999ಕ್ಕೆ ಕರೆ ಮಾಡಬೇಕು. ಐವತ್ತು ದಾಟಿದವರಿಗೆ ಅಗಿಯುತ್ತಿದ್ದಂತೆ ದವಡೆ ಸೋತು ನೋಯುವುದು, ಕಪಾಲದ ಪಕ್ಕದಲ್ಲಿ ಹೊಸ ತಲೆನೋವು, ಕೂದಲು ಬಾಚಿದರೂ ನೋವು ಇದ್ದರೆ ಅದು ರಕ್ತನಾಳದ ಉರಿಯೂತವಾಗಿದ್ದು ಕಣ್ಣನ್ನೇ ಕಳೆಯಬಹುದಾದ್ದರಿಂದ ಅದೇ ದಿನ ವೈದ್ಯರನ್ನು ಕಾಣಬೇಕು.

ಆಂಟಿಬಯಾಟಿಕ್ ಬಗ್ಗೆ ಒಂದು ಮಾತು. ಮೈಸೂರಿನ ಮೆಡಿಕಲ್ ಸ್ಟೋರಿನಿಂದ ಅಮಾಕ್ಸಿಸಿಲಿನ್ ಪಟ್ಟಿಗಳನ್ನು ಸೂಟ್‌ಕೇಸಿನಲ್ಲಿ ಕಟ್ಟಿಕೊಂಡು ಹೋಗುವವರು ಬಹಳ. ಊತವೋ ಜ್ವರವೋ ಇಲ್ಲದ ಹಲ್ಲು ನೋವಿಗೆ ಅದರಿಂದ ಉಪಯೋಗವಿಲ್ಲ, ಅಲ್ಲಿನ ವೈದ್ಯರು ಬರೆದುಕೊಡುವುದೂ ಇಲ್ಲ; ಅದು ಅವರ ಅಸಡ್ಡೆಯಲ್ಲ. ಮೈಗೆ ಒಗ್ಗುವುದಾದರೆ ಪ್ಯಾರಾಸಿಟಮಾಲ್ ಮತ್ತು ಐಬುಪ್ರೊಫೆನ್ ಅಲ್ಲಿನ ಅಂಗಡಿಗಳಲ್ಲೇ ಅಗ್ಗವಾಗಿ ಸಿಗುತ್ತವೆ.

ಇಷ್ಟೆಲ್ಲ ಆದಮೇಲೂ ಕಾರಣ ತಿಳಿಯದಿದ್ದರೆ, 'ನನ್ನನ್ನು ಓರಲ್ ಮೆಡಿಸಿನ್‌ಗೋ ಮ್ಯಾಕ್ಸಿಲೊಫೇಶಿಯಲ್ ವಿಭಾಗಕ್ಕೋ ಕಳಿಸಿಕೊಡಿ' ಎಂದು ಹೆಸರು ಹಿಡಿದೇ ಕೇಳಿ; ಮೊದಲನೆಯದು ಬಾಯಿಯ ಕಾಯಿಲೆಗಳ ವಿಭಾಗ, ಎರಡನೆಯದು ಬಾಯಿ, ದವಡೆ, ಮುಖದ ಶಸ್ತ್ರಚಿಕಿತ್ಸೆಯದು. ಲಂಡನ್, ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಶೆಫೀಲ್ಡ್, ಲೀಡ್ಸ್, ಬ್ರಿಸ್ಟಲ್‌ಗಳಲ್ಲಿ ದಂತ ಆಸ್ಪತ್ರೆಗಳಿವೆ. ಪತ್ರ ಹೋದಮೇಲೆ 18 ವಾರದೊಳಗೆ ಚಿಕಿತ್ಸೆ ಶುರುವಾಗಬೇಕೆಂಬ ನಿಯಮವಿದ್ದರೂ ಅನೇಕ ಕಡೆ ಅದಕ್ಕಿಂತ ಹೆಚ್ಚು ಕಾಯಬೇಕಾಗುತ್ತದೆ. ನೋವು ಹೆಚ್ಚಾದರೆ ದಂತವೈದ್ಯರಿಗೆ ತಿಳಿಸಿ ಇನ್ನೊಂದು ಪತ್ರ ಬರೆಸಿ.

ಕಾಯಲಾರದೆ ದಸರಾ ರಜೆಗೆ ಮೈಸೂರಿಗೆ ಬಂದು ತೋರಿಸುತ್ತೇನೆ ಎನ್ನುವವರಿಗೆ ನಾನು ಬೇಡ ಎನ್ನುವುದಿಲ್ಲ, ಇಲ್ಲಿ ಒಳ್ಳೆಯ ವೈದ್ಯರಿದ್ದಾರೆ. ಆದರೆ ಅಲ್ಲಿನ ಎಕ್ಸ್‌ರೇ ಮತ್ತು ಟಿಪ್ಪಣಿಗಳ ಪ್ರತಿ ಬರೆದು ಕೇಳಿದರೆ ಉಚಿತವಾಗಿ, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಕೊಡಬೇಕಾಗಿರುವುದರಿಂದ, ಟಿಕೆಟ್ ಮಾಡಿಸಿದ ವಾರವೇ ಕೇಳಿಟ್ಟುಕೊಳ್ಳಿ. ಬಂದ ಮೊದಲ ದಿನಗಳಲ್ಲೇ ತೋರಿಸಿ, ಹೊರಡುವ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ. ರೂಟ್ ಕೆನಾಲ್ ಆದರೆ ಯಾವ ಹಲ್ಲು, ಎಷ್ಟು ಕಾಲುವೆ ತುಂಬಿದ್ದಾರೆ, ಕ್ಯಾಪ್ ಬಾಕಿ ಇದೆಯೇ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಸಿ, ಕೊನೆಯ ಎಕ್ಸ್‌ರೇಯನ್ನು ಫೋನಿಗೆ ಹಾಕಿಸಿಕೊಳ್ಳಿ. ಸಂದರ್ಶಕ ವೀಸಾದಲ್ಲಿ ನಿಮ್ಮಲ್ಲಿಗೆ ಬರುವ ಅಪ್ಪ ಅಮ್ಮನ ಹಲ್ಲನ್ನು ಮಾತ್ರ ಅವರು ವಿಮಾನ ಹತ್ತುವ ತಿಂಗಳ ಮುಂಚೆಯೇ ಊರಿನಲ್ಲಿ ತೋರಿಸಿಬಿಡಿ: ಅವರು ಆರೋಗ್ಯ ಶುಲ್ಕ ಕಟ್ಟಿರುವುದಿಲ್ಲ, ತುರ್ತು ವಿಭಾಗ ದಾಟಿ ಆಸ್ಪತ್ರೆಗೆ ದಾಖಲಾದರೆ ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು ಬಿಲ್ ಬರುತ್ತದೆ, ಮತ್ತು ಪ್ರವಾಸ ವಿಮೆಯಲ್ಲಿ ಹಳೆಯ ಹಲ್ಲಿನ ತೊಂದರೆ ಸಾಮಾನ್ಯವಾಗಿ ಸೇರಿರುವುದಿಲ್ಲ.