ಮೂರು ವರ್ಷ ಸಲ್ಲಿಸದೆ ಉಳಿದ ಫಾರ್ಮ್ 5500: ನನ್ನ ಅನುಭವ

ನ್ಯೂಜೆರ್ಸಿಯ ಕಂಪನಿಯೊಂದರಲ್ಲಿ ನೌಕರರ ಸೌಲಭ್ಯಗಳ ಹೊಣೆ ವಹಿಸಿಕೊಂಡ ಮೇಲೆ, ಇಂಥ ಸೌಲಭ್ಯ ಯೋಜನೆಗಳ ಬಗ್ಗೆ ಅಮೆರಿಕ ಸರ್ಕಾರಕ್ಕೆ ವರ್ಷಕ್ಕೊಮ್ಮೆ ಕೊಡಬೇಕಾದ ವರದಿಯಾದ ಫಾರ್ಮ್ 5500ರ 2020ರಿಂದ 2022ರವರೆಗಿನ ಸಲ್ಲಿಕೆಯೇ ಆಗಿಲ್ಲವೆಂಬುದು ಕಡತಗಳಿಂದ ನನಗೆ ತಿಳಿಯಿತು. ಯೋಜನಾ ವರ್ಷದ ಮೊದಲ ದಿನ ನೂರಕ್ಕಿಂತ ಕಡಿಮೆ ಸದಸ್ಯರಿದ್ದು, ಪೂರ್ತಿ ವಿಮೆಯ ಮೂಲಕವೇ ನಡೆಯುವ ಯೋಜನೆಗೆ ಈ ವಾರ್ಷಿಕ ವರದಿಯಿಂದ ವಿನಾಯಿತಿಯಿದೆ. ನಮ್ಮ ಆರೋಗ್ಯ ವಿಮೆಯಲ್ಲಿದ್ದವರು ಎಂದೂ ತೊಂಬತ್ತು ದಾಟಿರಲಿಲ್ಲವಾದ್ದರಿಂದ ಹಿಂದಿನವರು ಅದನ್ನೇ ನೆಚ್ಚಿಕೊಂಡಿದ್ದರು. ಆದರೆ ಎಲ್ಲ ಸೌಲಭ್ಯಗಳನ್ನೂ ಒಂದೇ ಯೋಜನೆಯಾಗಿ ಕಟ್ಟಿದ ‘ರ‍್ಯಾಪ್’ ದಾಖಲೆಯೊಂದು ನಮ್ಮಲ್ಲಿತ್ತು. ಕಂಪನಿಯೇ ಕಂತು ಕಟ್ಟುವ ಜೀವವಿಮೆಯಲ್ಲಿ ಮೂರೂ ವರ್ಷ 110ಕ್ಕಿಂತ ಹೆಚ್ಚು ನೌಕರರಿದ್ದರು, ಅವಲಂಬಿತರನ್ನು ಬಿಟ್ಟು. ವಿನಾಯಿತಿ ಅಲ್ಲಿಗೇ ಮುಗಿಯಿತು.

ಕಾರ್ಮಿಕ ಇಲಾಖೆಯ ಲಿಖಿತ ನೋಟಿಸ್ ಬರುವ ಮೊದಲೇ ತಡವಾದ ವರದಿಗಳನ್ನು ಸ್ವಯಂಪ್ರೇರಿತವಾಗಿ ಒಪ್ಪಿಸಲು ಅದು ನಡೆಸುವ ಡಿಎಫ್‌ವಿಸಿ ಕಾರ್ಯಕ್ರಮದಡಿ ಸಲ್ಲಿಸಿದರೆ ದಂಡ ದಿನಕ್ಕೆ 10 ಡಾಲರ್. ನಮ್ಮದರಂಥ ದೊಡ್ಡ ಯೋಜನೆಯ ಒಂದು ವರದಿಗೆ ಗರಿಷ್ಠ 2,000, ಹಲವು ವರ್ಷಗಳದ್ದನ್ನು ಒಟ್ಟಿಗೆ ಸಲ್ಲಿಸಿದರೆ ಇಡೀ ಯೋಜನೆಗೆ 4,000. ಹಾಗಾಗಿ ಮೂರನ್ನೂ ಕೂಡಿಸಿಯೇ ಕಳುಹಿಸಲು ನಿರ್ಧರಿಸಿದೆ. ಹೆಚ್ಚು ಸಮಯ ಹಿಡಿದದ್ದು ವಿಮಾ ಕಂಪನಿಗಳಿಂದ ಶೆಡ್ಯೂಲ್ ಎ (ಫಾರ್ಮ್‌ಗೆ ಲಗತ್ತಿಸುವ ವಿಮೆಯ ವಿವರಪಟ್ಟಿ) ಮಾಹಿತಿ ತರಿಸುವುದಕ್ಕೆ: ಜೀವವಿಮೆಯ 2020ರ ಹಾಳೆಯಲ್ಲಿ ಏಜೆಂಟರ ಕಮಿಷನ್ ಅಂಕಣವೇ ಖಾಲಿಯಿತ್ತು, ಎರಡು ಬಾರಿ ಬರೆದು ಕೇಳಬೇಕಾಯಿತು. ಪ್ರತಿ ಫಾರ್ಮ್‌ನಲ್ಲಿಯೂ ಡಿಎಫ್‌ವಿಸಿ ಚೌಕಕ್ಕೆ ಗುರುತು ಹಾಕಿ, ಸರ್ಕಾರದ ಆನ್‌ಲೈನ್ ಸಲ್ಲಿಕೆ ವ್ಯವಸ್ಥೆಯಾದ ಇಫಾಸ್ಟ್2 ಮೂಲಕ ಸಲ್ಲಿಸಿ, ದಂಡ ಕಟ್ಟಿದೆವು. 2023ರ ವರದಿಯನ್ನು 2024ರ ಜುಲೈ 31ರ ಗಡುವಿನೊಳಗೇ ಕಳುಹಿಸಿದೆ.