ಕವಡೆ ಉರುಳುವಷ್ಟು ಹೊತ್ತು

ನವರಾತ್ರಿಗೆ ಗೊಂಬೆ ಕೂರಿಸುವ ಮುನ್ನ ಅಟ್ಟದಿಂದ ಟ್ರಂಕು ಇಳಿಸುವ ಕೆಲಸ ನಮ್ಮ ಮನೆಯಲ್ಲಿ ಮೊದಲಿನಿಂದಲೂ ನನ್ನದು. ಎರಡು ವರ್ಷದ ಹಿಂದೆ ಪಟ್ಟದ ಗೊಂಬೆಗಳ ಟ್ರಂಕನ್ನು ಎಳೆದಾಗ ಅದರ ಹಿಂದೆ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯೊಂದು ಸಿಕ್ಕಿತು. ಒಳಗೆ ಏಳು ಫ್ಲಾಪಿಗಳು, ಹಿಂದೆ ಕಂಪ್ಯೂಟರಿನ ಕಡತಗಳನ್ನು ತುಂಬಿಡುತ್ತಿದ್ದ ಚಪ್ಪಟೆ ಡಿಸ್ಕುಗಳು. ಒಂದರ ಚೀಟಿಯ ಮೇಲೆ ನನ್ನದೇ ಕೈಬರಹ: ‘ಚೌಕಾಬಾರ, ಕೊನೆಯದು.’

1998ರಲ್ಲಿ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗ, ಮಂಡ್ಯದಿಂದ ದಿನವೂ ರೈಲಿನಲ್ಲಿ ಬರುತ್ತಿದ್ದ ಗೆಳೆಯನೂ ನಾನೂ ಸೇರಿ ಟರ್ಬೊ ಸಿ 2.01 ಎಂಬ ಪ್ರೋಗ್ರಾಮಿಂಗ್ ತಂತ್ರಾಂಶದಲ್ಲಿ ಬರೆದ ಆಟ ಅದು. ಇಪ್ಪತ್ತೈದು ಮನೆ, ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ. ಅಪ್ಪ ಯಾವುದೋ ಕಚೇರಿಯ ಹರಾಜಿನಲ್ಲಿ ಕೊಂಡು ತಂದಿದ್ದ, 486 ಎಂಬ ಪ್ರೊಸೆಸರಿನ ಯಂತ್ರದಲ್ಲಿ ಅಕ್ಕ ರಾತ್ರಿ ಊಟವಾದ ಮೇಲೆ ಕಂಪ್ಯೂಟರಿನ ಎದುರು ಕುಳಿತು ಆಡುತ್ತಿದ್ದಳು. ಆ ಯಂತ್ರ ಗುಜರಿಗೆ ಹೋಗಿ ಬಹಳ ಕಾಲವಾಯಿತು.

ಮಣೆಯಾಟಗಳ ವಿಷಯದಲ್ಲಿ ನಮ್ಮ ಊರು ಪುಣ್ಯವಂತ ಊರು. ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳಿಗೆ ಮನಸೋತವರು. ಇಂದಿಗೂ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು ‘ಕ್ರೀಡಾ ಕೌಶಲ್ಯ’ ಪ್ರದರ್ಶನದಲ್ಲಿ ಚೌಕಾಬಾರ, ಅಳಗುಳಿಮಣೆ, ಆಡುಹುಲಿಗಳನ್ನು ಜನರ ಮುಂದೆ ಇಡುತ್ತಾರೆ. ಆ ಆಟಗಳಿಗೆ ಮಣೆ, ಕಾಯಿ, ನಿಯಮ ಇದ್ದರೆ ಮುಗಿಯಿತು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರೂ ಆಟ ಆಟವೇ. ಕಂಪ್ಯೂಟರಿನ ಆಟಕ್ಕೆ ಅಷ್ಟು ಸಾಲದು. ಅದು ಯಾವ ಯಂತ್ರಕ್ಕಾಗಿ ಹುಟ್ಟಿತೋ ಆ ಯಂತ್ರವನ್ನೂ ಜೊತೆಗೆ ಬದುಕಿಸಬೇಕು. ಆ ಚೀಟಿಯನ್ನು ಓದಿದಾಗ ಇದು ನನಗೆ ಇಷ್ಟು ಸ್ಪಷ್ಟವಾಗಿ ಗೊತ್ತಿರಲಿಲ್ಲ.

ಮೊದಲ ಅಡ್ಡಿ ಬೂಷ್ಟು. ಫ್ಲಾಪಿಯ ಲೋಹದ ಬಾಗಿಲನ್ನು ಸರಿಸಿದರೆ ಕಪ್ಪು ತಟ್ಟೆಯ ಮೇಲೆ ಬಿಳಿ ಚುಕ್ಕೆಗಳು ಕಾಣುತ್ತಿದ್ದವು. ಬೂಷ್ಟು ಹಿಡಿದ ಫ್ಲಾಪಿಯನ್ನು ಹಾಗೆಯೇ ಡ್ರೈವಿಗೆ ಹಾಕಬಾರದು. ಓದುವ ತಲೆಗೆ ಕೊಳೆ ಅಂಟಿಕೊಂಡು ಆ ಫ್ಲಾಪಿಯೂ ಹಾಳಾಗುತ್ತದೆ, ಆಮೇಲೆ ಹಾಕುವ ಫ್ಲಾಪಿಯೂ ಹಾಳಾಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ, ತಟ್ಟೆಯನ್ನು ನಡುವಿನ ಲೋಹದ ಬಿಲ್ಲೆಯಿಂದ ತಿರುಗಿಸುತ್ತಾ ಎರಡೂ ಬದಿ ಒರೆಸಿದೆ. ಮೂಲೆಯ ಪುಟ್ಟ ಕಿಂಡಿಯನ್ನು ತೆರೆದು ಬರೆಯುವಿಕೆಗೆ ಬೀಗ ಹಾಕಿದೆ. ಮೊದಲು ಕಳೆದುಹೋದರೂ ಚಿಂತೆಯಿಲ್ಲದ ಒಂದು ಫ್ಲಾಪಿಯ ಮೇಲೆ ಇದನ್ನೆಲ್ಲ ಮಾಡಿ ಕೈ ಪಳಗಿಸಿಕೊಂಡೆ. ನೀವೂ ದಯವಿಟ್ಟು ಹಾಗೆಯೇ ಮಾಡಿ.

ಯುಎಸ್‌ಬಿ ಫ್ಲಾಪಿ ಡ್ರೈವ್ ತರಿಸಿಕೊಂಡು, ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಎಂಬ ತಂತ್ರಾಂಶದಿಂದ ಇಡೀ ಫ್ಲಾಪಿಯ ಪ್ರತಿ ತೆಗೆದೆ. ಇದು ಕಡತಗಳನ್ನು ಒಂದೊಂದಾಗಿ ನಕಲು ಮಾಡುವುದಿಲ್ಲ. ಸುಲಭವಾಗಿ ಓದಲು ಬರುವ ಭಾಗಗಳನ್ನು ಮೊದಲು ಎತ್ತಿಕೊಂಡು, ಮೊಂಡು ಹಿಡಿದವುಗಳ ಬಳಿಗೆ ಮತ್ತೆ ಮತ್ತೆ ಹೋಗುತ್ತದೆ. 1.44 ಎಂಬಿ ಫ್ಲಾಪಿಯಲ್ಲಿ 2,880 ಸೆಕ್ಟರ್‌ಗಳು, ಅಂದರೆ ಮಾಹಿತಿಯ ಪುಟ್ಟ ತುಂಡುಗಳು, ಇರುತ್ತವೆ. ನಮ್ಮದರಲ್ಲಿ ಹನ್ನೊಂದು ಕೊನೆಗೂ ಬರಲಿಲ್ಲ. ಆ ಹನ್ನೊಂದೂ ನಾವು ಬರೆದಿದ್ದ ಮೂಲ ಸಂಕೇತದ (ಸೋರ್ಸ್ ಕೋಡ್) ಕಡತದಲ್ಲೇ ಬಿದ್ದಿದ್ದವು. ತಿಂಗಳುಗಟ್ಟಲೆ ಬರೆದದ್ದು ನಡುನಡುವೆ ತೂತು ಬಿದ್ದ ಹಾಗಾಗಿತ್ತು. ಆದರೆ ಓಡುವ ಕಡತ, ಅಂದರೆ ಇಎಕ್ಸ್‌ಇ, ಪೂರ್ತಿಯಾಗಿ ಬಂದಿತ್ತು. ಆಟವನ್ನು ತಿದ್ದಲು ಆಗದು, ಓಡಿಸಲು ಮಾತ್ರ ಆದೀತು ಎಂಬ ಸ್ಥಿತಿ.

ವಿಂಡೋಸ್ 11ರ ಲ್ಯಾಪ್‌ಟಾಪಿನಲ್ಲಿ ಅದನ್ನು ಒತ್ತಿದರೆ, ಈ ತಂತ್ರಾಂಶ ನಿಮ್ಮ ಕಂಪ್ಯೂಟರಿನಲ್ಲಿ ಓಡದು ಎಂಬ ಉತ್ತರ. ಅದಕ್ಕೆ ಕಾರಣವಿದೆ. ವಿಂಡೋಸ್‌ಗೂ ಹಿಂದಿನ ಕಾರ್ಯಾಚರಣಾ ವ್ಯವಸ್ಥೆಯಾದ ಡಾಸ್‌ಗಾಗಿ ಬರೆದ ನಮ್ಮಂಥ ಆಟಗಳು 16 ಬಿಟ್‌ನವು. 32 ಬಿಟ್ ವಿಂಡೋಸ್‌ನಲ್ಲಿ ಅಂಥವುಗಳನ್ನು ನೋಡಿಕೊಳ್ಳಲು ಎನ್‌ಟಿವಿಡಿಎಂ ಎಂಬ ಭಾಗವಿತ್ತು. 64 ಬಿಟ್ ವಿಂಡೋಸ್‌ನಲ್ಲಿ ಅದನ್ನು ಕೊಟ್ಟಿಲ್ಲ, ಏಕೆಂದರೆ 64 ಬಿಟ್ ಸ್ಥಿತಿಯಲ್ಲಿರುವ ಪ್ರೊಸೆಸರ್‌ಗೆ ಹಳೆಯ 16 ಬಿಟ್ ಪ್ರೊಸೆಸರ್ 8086ರ ವೇಷ ಹಾಕುವ ಏರ್ಪಾಡೇ ಇಲ್ಲ. ಫೈಲಿನ ಗುಣಲಕ್ಷಣಗಳಲ್ಲಿ ವಿಂಡೋಸ್ 95, 98 ಎಂದು ಆರಿಸಿಕೊಂಡು ಹೊತ್ತು ಕಳೆಯಬೇಡಿ, ಡಾಸ್ ಆಟಗಳಿಗೆ ಅದರಿಂದ ಏನೂ ಆಗುವುದಿಲ್ಲ.

ಇಲ್ಲಿ ಕೈಹಿಡಿದದ್ದು ಡಾಸ್‌ಬಾಕ್ಸ್. 2002ರಿಂದ ಇರುವ ಉಚಿತ ತಂತ್ರಾಂಶ. ಪ್ರೊಸೆಸರ್, ಚಿತ್ರ ತೋರಿಸುವ ವಿಜಿಎ, ಸದ್ದು ಹೊರಡಿಸುವ ಸೌಂಡ್ ಬ್ಲಾಸ್ಟರ್ ಕಾರ್ಡು, ಸ್ಪೀಕರ್ ಎಲ್ಲವನ್ನೂ ತಾನೇ ಅನುಕರಿಸಿ, ಇಡೀ ಒಂದು ಹಳೆಯ ಪಿಸಿಯಾಗಿ ಆಟದ ಮುಂದೆ ನಿಲ್ಲುತ್ತದೆ. ನಿಮ್ಮ ಒಂದು ಫೋಲ್ಡರನ್ನು ತೋರಿಸಿ ಇದೇ ಸಿ ಡ್ರೈವ್ ಎಂದು ಮೌಂಟ್ ಆದೇಶ ಕೊಟ್ಟರೆ ಅದು ನಂಬುತ್ತದೆ. ನಾನು ಕೊಟ್ಟೆ, ಆಟದ ಹೆಸರು ಬೆರಳಚ್ಚಿಸಿದೆ. ಬಂದದ್ದು ಟರ್ಬೊ ಸಿ ಕಲಿತವರೆಲ್ಲರಿಗೂ ಕನಸಿನಲ್ಲಿಯೂ ನೆನಪಿರುವ ಸಾಲು: ಬಿಜಿಐ ಎರರ್, ಗ್ರಾಫಿಕ್ಸ್ ನಾಟ್ ಇನಿಶಿಯಲೈಸ್ಡ್, ಅಂದರೆ ಚಿತ್ರ ಬಿಡಿಸುವ ಏರ್ಪಾಡು ಶುರುವಾಗಿಲ್ಲ. ಚಿತ್ರ ಬಿಡಿಸುವ ಚಾಲಕ ಕಡತವು ಸಿ ಡ್ರೈವಿನ ಟಿಸಿ ಫೋಲ್ಡರಿನೊಳಗಿನ ಬಿಜಿಐ ಫೋಲ್ಡರಿನಲ್ಲಿ ಇರುತ್ತದೆ ಎಂದು ನಾವು ಆಟದೊಳಗೇ ಬರೆದುಬಿಟ್ಟಿದ್ದೆವು. ಕಾಲೇಜಿನ ಲ್ಯಾಬಿನಲ್ಲಿ ಅದು ಅಲ್ಲೇ ಇರುತ್ತಿತ್ತು. ಟರ್ಬೊ ಸಿ 2.01 ಅನ್ನು ಬೋರ್ಲ್ಯಾಂಡ್ ಸಂಸ್ಥೆ ಆಮೇಲೆ ಉಚಿತವಾಗಿ ಬಿಟ್ಟುಕೊಟ್ಟಿದ್ದರಿಂದ ಚಾಲಕ ಕಡತ ಸುಲಭವಾಗಿ ಸಿಕ್ಕಿತು. ಅದೇ ಹೆಸರಿನ ಫೋಲ್ಡರುಗಳನ್ನು ಮಾಡಿ ಅದನ್ನು ಇಟ್ಟೆ. ಮಣೆ ಮೂಡಿತು.

ಮಣೆಯೇನೋ ಮೂಡಿತು, ಆದರೆ ಕವಡೆ ಉರುಳುತ್ತಲೇ ಇತ್ತು. ಒಂದು ಎಸೆತ ಮುಗಿಯುವಷ್ಟರಲ್ಲಿ ಕಾಫಿಗೆ ಸಕ್ಕರೆ ಹಾಕಿ ಕದಡಿಕೊಂಡು ಬರಬಹುದಿತ್ತು. ಡಾಸ್‌ಬಾಕ್ಸ್ ಒಂದು ಮಿಲಿಸೆಕೆಂಡಿಗೆ ಎಷ್ಟು ಆದೇಶಗಳನ್ನು ನಡೆಸಬೇಕು ಎಂಬ ಲೆಕ್ಕಕ್ಕೆ ಸೈಕಲ್ಸ್ ಎನ್ನುತ್ತಾರೆ. ನಮ್ಮಂಥ ಸರಳ ಡಾಸ್ ಆಟಗಳಿಗೆ ಅದು ತಾನಾಗಿ ಇಟ್ಟುಕೊಳ್ಳುವುದು 3,000. ನಮ್ಮ 486ಗೆ ಅದು ತೀರಾ ಕಡಿಮೆ. ಗರಿಷ್ಠಕ್ಕೆ ಏರಿಸಿದೆ. ಆಗ ಕವಡೆ ಉರುಳಿದ್ದೇ ಕಾಣಲಿಲ್ಲ, ಒತ್ತಿದ ಕೂಡಲೇ ಬಿದ್ದಿರುತ್ತಿತ್ತು.

ಕಾರಣ ನಮ್ಮದೇ ಬರವಣಿಗೆ. ಪಿಸಿಯೊಳಗೆ ಸೆಕೆಂಡಿಗೆ 18.2 ಬಾರಿ ಮಿಡಿಯುವ ಟೈಮರ್ ಇರುತ್ತದೆ. ಅದನ್ನು ನೋಡಿಕೊಂಡು ಹೆಜ್ಜೆ ಇಡುವ ಆಟ ಯಾವ ಯಂತ್ರದಲ್ಲಿಯೂ ಒಂದೇ ವೇಗದಲ್ಲಿ ನಡೆಯುತ್ತದೆ. ನಾವು ಅದನ್ನು ಬಳಸಿರಲಿಲ್ಲ. ಏನೂ ಮಾಡದೆ ಸಾವಿರಾರು ಬಾರಿ ಸುಮ್ಮನೆ ಎಣಿಸುವ ಲೂಪ್ ಹಾಕಿ, ಆ ಎಣಿಕೆ ಮುಗಿಯುವಷ್ಟು ಹೊತ್ತು ಒಂದೊಂದು ಚಿತ್ರವನ್ನು ತೋರಿಸಿದ್ದೆವು. ನಮ್ಮ ಆಟದ ಗಡಿಯಾರ ಆ 486 ಯಂತ್ರವೇ ಆಗಿತ್ತು. ಮೂಲ ಸಂಕೇತ ಇದ್ದಿದ್ದರೆ ಒಂದು ಸಂಖ್ಯೆ ತಿದ್ದಿ ಮುಗಿಸಬಹುದಿತ್ತು. ಈಗ ಯಂತ್ರದ ವೇಗವನ್ನೇ ಹುಡುಕಬೇಕಾಯಿತು.

66 ಮೆಗಾಹರ್ಟ್ಸ್‌ನ 486ಗೆ 25,000ದ ಆಸುಪಾಸು ಎಂಬ ಅಂದಾಜಿನಿಂದ ಶುರು ಮಾಡಿದೆ. ಕಂಟ್ರೋಲ್ ಜೊತೆ ಎಫ್12 ಒತ್ತಿದರೆ ವೇಗ ಏರುತ್ತದೆ, ಎಫ್11 ಒತ್ತಿದರೆ ಇಳಿಯುತ್ತದೆ. ಏರಿಸಿದೆ, ಇಳಿಸಿದೆ, ಯಾವುದೂ ಸರಿ ಎನ್ನಿಸಿತು, ಯಾವುದೂ ತಪ್ಪು ಎನ್ನಿಸಿತು. ಸರಸ್ವತಿಪುರಂನಲ್ಲಿರುವ ಅಕ್ಕ ಗೊಂಬೆ ನೋಡಲು ಬಂದಾಗ ಅವಳನ್ನೇ ಕೂರಿಸಿದೆ. ಒಂದು ಎಸೆತ ನೋಡಿದವಳೇ, “ಇಷ್ಟು ಬೇಗ ಬೀಳುತ್ತಿರಲಿಲ್ಲ ಕಣೋ. ಕವಡೆ ಉರುಳುವಾಗ ನಾನು ‘ಬಾರ ಬೀಳು, ಬಾರ ಬೀಳು’ ಎಂದು ಎರಡು ಸಲ ಹೇಳುತ್ತಿದ್ದೆ. ಎರಡನೆಯ ‘ಬೀಳು’ ಮುಗಿಯುವಾಗ ಬೀಳುತ್ತಿತ್ತು” ಎಂದಳು.

ನಾನು ವೇಗ ಇಳಿಸುತ್ತಾ ಹೋದೆ, ಅವಳು ಹೇಳುತ್ತಾ ಹೋದಳು. ಎದುರಿಗೆ ಗೊಂಬೆಗಳು, ಆಚೆ ಅಮ್ಮ ನಗುತ್ತಾ ನೋಡುತ್ತಿದ್ದರು. 21,500ಕ್ಕೆ ಬಂದಾಗ ಅವಳ ಬಾಯಿಂದ ಎರಡನೆಯ ‘ಬೀಳು’ ಹೊರಟಿತು, ಪರದೆಯ ಮೇಲೆ ಕವಡೆ ನಿಂತಿತು. ಅವಳು ನನ್ನ ಕೈ ಹಿಡಿದು ಸಾಕು ಎಂದಳು. ಆ ಸಂಖ್ಯೆಯನ್ನು ಡಾಸ್‌ಬಾಕ್ಸಿನ ಸಂರಚನಾ ಕಡತದಲ್ಲಿ ಸ್ಥಿರ ಎಂದು ಬರೆದಿಟ್ಟೆ. ಇಷ್ಟು ವರ್ಷದಲ್ಲಿ ನಾನು ಮಾಡಿದ ಅಳತೆಗಳಲ್ಲಿ ನನಗೆ ಅತ್ಯಂತ ನಂಬಿಕೆಯಿರುವ ಅಳತೆ ಅದು.

ಉಳಿದ ಫ್ಲಾಪಿಗಳಲ್ಲಿ ಒಂದರಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ’ ಇತ್ತು. ವೇಗದ ತೊಂದರೆ ಅದಕ್ಕಿಲ್ಲ, ಅದು ಟೈಮರನ್ನು ನಂಬಿ ಬರೆದ ಆಟ. ಆದರೆ ರಾಜಕುಮಾರ ಕುಳ್ಳನಾಗಿ ಕಂಡ. 320ಕ್ಕೆ 200 ಚುಕ್ಕೆಗಳ ಆ ಚಿತ್ರವನ್ನು ಹಳೆಯ ಮಾನಿಟರ್ 4:3ರ ಪರದೆಯ ತುಂಬಾ ಎಳೆದು ತೋರಿಸುತ್ತಿತ್ತು. ಹಾಗಾಗಿ ಪ್ರತಿ ಚುಕ್ಕೆಯೂ ಅಗಲಕ್ಕಿಂತ ಎತ್ತರವಾಗಿರುತ್ತಿತ್ತು. ಈಗಿನ ಪರದೆಯಲ್ಲಿ ಚುಕ್ಕೆ ಚೌಕ. ಸಂರಚನೆಯಲ್ಲಿ ಆಸ್ಪೆಕ್ಟ್ ಎಂಬುದನ್ನು ಟ್ರೂ ಮಾಡಿದರೆ ಅವನು ಮತ್ತೆ ನೀಳವಾಗುತ್ತಾನೆ. ಆ ಆಟವನ್ನು ರಚಿಸಿದ ಜೋರ್ಡನ್ ಮೆಕ್ನರ್ ತನ್ನ ತಮ್ಮ ಓಡುವುದನ್ನು, ಜಿಗಿಯುವುದನ್ನು ಚಿತ್ರೀಕರಿಸಿ, ಅದರ ಮೇಲೆ ಗೆರೆ ತೆಗೆದು ಮಾಡಿದ ನಡಿಗೆ ಅದು. ಅದನ್ನು ಅದುಮಿ ನೋಡುವುದು ನನ್ನಿಂದಾಗದು.

ವಿಂಡೋಸ್ 98ರ ಕಾಲದ ಆಟಗಳ ಕಥೆ ಬೇರೆ. ‘ಏಜ್ ಆಫ್ ಎಂಪೈರ್ಸ್ 2’ರಲ್ಲಿ ಹುಲ್ಲು, ನೀರಿನ ಬಣ್ಣ ಕೆಟ್ಟು ಕಂಡರೆ ಅದು 256 ಬಣ್ಣಗಳ ಪಟ್ಟಿಯನ್ನು ಹೊಸ ವಿಂಡೋಸ್ ಕಲಸಿಹಾಕುವುದರಿಂದ. ಸಿಎನ್‌ಸಿ-ಡಿಡ್ರಾ ಎಂಬ ಪುಟ್ಟ ಕಡತವನ್ನು ಆಟದ ಪಕ್ಕದಲ್ಲಿ ಇಟ್ಟರೆ ಸರಿಹೋಗುತ್ತದೆ. ಇನ್ನು ಕೆಲವು ಆಟಗಳ ಅಸಲಿ ಸಿಡಿ ಕೈಯಲ್ಲಿದ್ದರೂ ಓಡುವುದಿಲ್ಲ. ನಕಲು ತಡೆಯಲು ಹಾಕಿದ್ದ ಸೇಫ್‌ಡಿಸ್ಕ್ ಚಾಲಕವು ಅಪಾಯಕಾರಿ ಎಂದು ವಿಂಡೋಸ್ 10ರಿಂದ ಅದನ್ನು ಬೆಂಬಲಿಸುತ್ತಿಲ್ಲ. ಅಂಥವುಗಳನ್ನು ಜಿಒಜಿಯಂಥ ಆನ್‌ಲೈನ್ ಮಳಿಗೆಯಲ್ಲಿ ಮತ್ತೆ ಕೊಳ್ಳುವುದೇ ನೆಟ್ಟಗಿನ ದಾರಿ. ಹಳೆಯದಾದ ಮಾತ್ರಕ್ಕೆ ಆಟದ ಹಕ್ಕುಸ್ವಾಮ್ಯ ಮುಗಿಯುವುದಿಲ್ಲ.

ವಿಜಯದಶಮಿಯ ಮಾರನೆಯ ದಿನ ಮಂಡ್ಯದಿಂದ ಗೆಳೆಯ ಬಂದ. ಅಕ್ಕನೂ ಅವನೂ ಆಡಲು ಕುಳಿತರು. ನಮ್ಮ ಮನೆಯ ನಿಯಮದಲ್ಲಿ ಚೌಕ, ಬಾರಗಳು ಸತತ ಮೂರು ಬಿದ್ದರೆ ಮೂರೂ ಸುಟ್ಟುಹೋಗುತ್ತವೆ. ಆಟದಲ್ಲಿ ಅದನ್ನು ಹಾಕಲು ನಾವು ಮರೆತಿದ್ದೆವು. ಸಂಜೆಯ ಹೊತ್ತಿಗೆ ಅಕ್ಕನಿಗೆ ಚೌಕ ಬಿತ್ತು, ಬಾರ ಬಿತ್ತು, ಮತ್ತೆ ಬಾರ ಬಿತ್ತು. ಮೂರೂ ಎಣಿಕೆಗೆ ಬಂದವು, ಅವಳ ಕಾಯಿ ಹಣ್ಣಾಯಿತು.

“ಇದು ತಪ್ಪು, ಅಂದೇ ಸರಿಮಾಡಬೇಕಿತ್ತು” ಎಂದ ಗೆಳೆಯ.

“ನನಗೆ ಅಂದಿನಿಂದಲೂ ಗೊತ್ತಿತ್ತು” ಎಂದಳು ಅಕ್ಕ. “ಹೇಳಿದರೆ ನೀವು ಸರಿಮಾಡಿಬಿಡುತ್ತೀರಿ ಎಂದು ಸುಮ್ಮನಿದ್ದೆ.”